ನಾಳೆ ಮಾಡ್ತೀನಿ ಕಾಕಾ

ನಮ್ಮ ಕಾಕಾನ ತೊಗರಿಬ್ಯಾಳಿ ಅಂಗಡಿ ವೆಬ್‌ಸೈಟ್ ನನ್ನ ಕೊರಳಿಗೆ ಬಿದ್ದದ. ಊರು 2014ರ ನವೆಂಬರ್ 1ಕ್ಕೇ ಕಲಬುರಗಿ ಆಯ್ತು. ನಮ್ಮ ಪುಟದ ತಳದಾಗ ಇನ್ನೂ ‘ಗುಲ್ಬರ್ಗಾ’! ತಿದ್ದಲಿಕ್ಕೆ ಎರಡು ನಿಮಿಷ. ಆದ್ರ ಲಾಗಿನ್ ಆದ್ರ ಸಾಕು, 17 ಪ್ಲಗಿನ್ (ಸೈಟಿಗೆ ಜೋಡಿಸಿದ ಸಣ್ಣ ತಂತ್ರಾಂಶ) ಅಪ್‌ಡೇಟ್ ಕಣ್ಣು ಕೆಂಪಗ ಮಾಡ್ಕೊಂಡು ಕುಂತಿರ್ತಾವ. ಮೊದಲು ಬ್ಯಾಕಪ್ ತಗೀಬೇಕು, ಅದಕ್ಕ ಪಾಸ್‌ವರ್ಡ್ ಬೇಕು, ಅದು ಹಳೇ ಫೋನಿನಾಗ... ಚಾ ಕುಡದು ಬರ್ತೀನಂತ ಎದ್ದೆನೋ, ಆ ದಿನ ಮುಗೀತು.

ಸೈಟಿನ ಸಂಪರ್ಕ ಸುರಕ್ಷಿತ ಅಂತ ಬ್ರೌಸರಿಗೆ ಹೇಳೋ ಸರ್ಟಿಫಿಕೇಟ್ ಒಂದದ; ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಕೊಟ್ಟ ನಮ್ಮದು 90 ದಿನದ್ದು. ತಾನೇ ನವೀಕರಣ ಆಗೋ ಹಂಗ ಒಮ್ಮೆ ಹೊಂದಿಸಿಟ್ರ ಆಯ್ತು. ನಾ ಇಟ್ಟಿರಲಿಲ್ಲ, ಅವಧಿ ಮುಗದಿತ್ತು. ನಿನ್ನೆ ಬೀದರಿನ ಗಿರಾಕಿ ಫೋನ್: “ಸೈಟ್ ಸುರಕ್ಷಿತ ಅಲ್ಲ ಅಂತ ತೋರಸ್ತದ್ರೀ, ಬ್ಯಾಳಿನರ ಚಲೋ ಅದನೋ ಇಲ್ಲೋ?”

ಮರ್ಯಾದಿ ಹೋದಮ್ಯಾಲ ರಾತ್ರಿ ಹಟ ಹಿಡದು ಕುಂತೆ. ಸರ್ಟಿಫಿಕೇಟ್ ಆಯ್ತು, ಬ್ಯಾಕಪ್ ಆಯ್ತು. ಗುಲ್ಬರ್ಗಾ ಮಾತ್ರ ಹಂಗೇ ಅದ.