ಕಲುಗಾ ದಾರಿ, ಕನ್ನಂಬಾಡಿ ದಾರಿ

ಮಾಸ್ಕೋದಲ್ಲಿರುವ ನನ್ನನ್ನು ಊರಿನವರು ಕೇಳುತ್ತಿರುತ್ತಾರೆ: ನೆಪೋಲಿಯನ್‌ನನ್ನು ಸೋಲಿಸಿದ್ದು ರಷ್ಯಾದ ಚಳಿ ತಾನೇ? ನಾನು ಒಪ್ಪುವುದಿಲ್ಲ. 1812ರ ಜೂನ್‌ನಲ್ಲಿ ರಷ್ಯಾದ ಗಡಿಯಲ್ಲಿದ್ದ ನೇಮನ್ ನದಿ ದಾಟಿದ ಅವನ ದಂಡಿನ ಕುದುರೆಗಳು ಬೇಸಿಗೆಯಲ್ಲೇ ಸರಿಯಾದ ಮೇವಿಲ್ಲದೆ ಸಾವಿರಗಟ್ಟಲೆ ಸತ್ತವು. ಹಿಮ ಬೀಳುವ ಮುಂಚೆಯೇ ಮುಖ್ಯ ಸೈನ್ಯ ಅರ್ಧಕ್ಕಿಂತ ಹೆಚ್ಚು ಕರಗಿತ್ತು.

ಇದಕ್ಕೆ ದಾರಿ ಮಾಡಿದವನು ರಷ್ಯಾದ ಸೇನಾನಿ ಬಾರ್ಕ್ಲೇ ಡಿ ಟೋಲಿ. ಗಡಿಯಲ್ಲೇ ಎದುರು ನಿಂತರೆ ಸೈನ್ಯವೇ ಉಳಿಯದು ಎಂದು ಅರಿತು ಮಾಸ್ಕೋ ದಾರಿಯಲ್ಲಿರುವ ಸ್ಮೊಲೆನ್ಸ್ಕ್ ಪಟ್ಟಣದ ಆಚೆಗೂ ಹಿಂದೆ ಸರಿದ. ಪರಕೀಯನೆಂದು ಸ್ವಂತ ಸೈನ್ಯದವರೇ ಅವನನ್ನು ಅನುಮಾನಿಸಿದರು. ಅವನ ಮೇಲೆ ದಂಡನಾಯಕನಾಗಿ ಬಂದ ಕುತೂಜೋವ್ ಮಾಸ್ಕೋಗೆ ಪಶ್ಚಿಮದ ಬೊರೊದಿನೊದಲ್ಲಿ ಕಾದಾಡಿದ. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 70,000 ಮಂದಿ ಸತ್ತರು, ಇಲ್ಲವೇ ಗಾಯಗೊಂಡರು. ಆಮೇಲೆ ಅವನೂ ಹಿಂದೆ ಸರಿದ. ಫಿಲಿ ಹಳ್ಳಿಯ ರೈತನೊಬ್ಬನ ಮನೆಯಲ್ಲಿ ಸೇನಾನಿಗಳನ್ನು ಕೂರಿಸಿಕೊಂಡು ಮಾಸ್ಕೋ ಬಿಟ್ಟುಕೊಡಲು ತೀರ್ಮಾನಿಸಿದ. ಸುಟ್ಟುಹೋಗಿದ್ದ ಆ ಮನೆಯನ್ನು ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ.

ನನ್ನ ಪ್ರಕಾರ ಯುದ್ಧ ಗೆದ್ದದ್ದು ಅದರ ಮುಂದಿನ ನಡೆಯಲ್ಲಿ. ರ್ಯಾಜಾನ್ ದಾರಿ ಹಿಡಿದ ಸೈನ್ಯ ಗುಟ್ಟಾಗಿ ಪಶ್ಚಿಮಕ್ಕೆ ತಿರುಗಿ, ಕಲುಗಾ ದಾರಿಗೆ ಬಂದು, ತರುತಿನೊದಲ್ಲಿ ಬೀಡುಬಿಟ್ಟಿತು. ಬೆನ್ನಿಗೆ ಕಲುಗಾದ ದವಸ, ತೂಲಾದ ಬಂದೂಕು ಕಾರ್ಖಾನೆ. ಸುಟ್ಟ ಮಾಸ್ಕೋದಲ್ಲಿ ಐದು ವಾರ ಸಂಧಾನಕ್ಕೆ ಕಾದ ನೆಪೋಲಿಯನ್ ಅಕ್ಟೋಬರ್ 19ಕ್ಕೆ ಹೊರಟು ಕಲುಗಾ ಕಡೆಗೇ ನುಗ್ಗಿದ. ಮಾಲೊಯಾರೊಸ್ಲಾವೆಟ್ಸ್ ಊರು ಒಂದೇ ದಿನ ಮತ್ತೆ ಮತ್ತೆ ಕೈ ಬದಲಾಯಿಸಿತು. ಕೊನೆಗೆ, ಬರುವಾಗ ಬರಿದು ಮಾಡಿದ್ದ ಸ್ಮೊಲೆನ್ಸ್ಕ್ ದಾರಿಯಲ್ಲೇ ಅವನು ಮರಳಬೇಕಾಯಿತು. ಚಳಿ ಬಂದದ್ದು ಆಮೇಲೆ.

ನಮ್ಮಲ್ಲೂ ಒಮ್ಮೆ ಹೀಗಾಗಿತ್ತು. 1791ರ ಮೇನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೆ ಅರಕೆರೆಯ ಕಾಳಗದಲ್ಲಿ ಗೆದ್ದರೂ ನಿಲ್ಲಲಾಗಲಿಲ್ಲ. ಮೇವು, ದವಸ ಸಿಗದಂತೆ ಟಿಪ್ಪು ಸುತ್ತಲ ಸೀಮೆಯನ್ನು ಬರಿದು ಮಾಡಿಸಿದ್ದ. ಎತ್ತುಗಳು ಸಾಯತೊಡಗಿದಾಗ ಕಾರ್ನ್‌ವಾಲಿಸ್ ಕನ್ನಂಬಾಡಿ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಆದರೆ ದಾರಿಯಲ್ಲೇ ಮರಾಠರು ದವಸ ಸಮೇತ ಬಂದು ಅವನನ್ನು ಕೂಡಿಕೊಂಡರು. ರಷ್ಯಾಕ್ಕಿದ್ದಷ್ಟು ನೆಲ ಟಿಪ್ಪುವಿಗಿರಲಿಲ್ಲ. ರಾಜಧಾನಿ ಬಿಟ್ಟು ಸೈನ್ಯ ಉಳಿಸಿಕೊಳ್ಳುವ ದಾರಿಯನ್ನೂ ಅವನು ಹಿಡಿಯಲಿಲ್ಲ. ಮರುವರ್ಷ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು.

ಎರಡೂ ಕಡೆ ಮನೆ, ಬೆಳೆ ಕಳೆದುಕೊಂಡವರು ಹಳ್ಳಿಯವರು. ಅದನ್ನು ಮರೆತು ಈ ಯುದ್ಧತಂತ್ರವನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೂ ಸೇಂಟ್ ಪೀಟರ್ಸ್‌ಬರ್ಗ್‌ನ ಕಜಾನ್ ಕೆಥೆಡ್ರಲ್ ಮುಂದೆ ಕುತೂಜೋವ್ ಜೊತೆಗೆ ಬಾರ್ಕ್ಲೇಗೂ ಪ್ರತಿಮೆಯಿದೆ. ನಮಗೋ ಕನ್ನಂಬಾಡಿ ಎಂದರೆ ಅಣೆಕಟ್ಟು ಮಾತ್ರ. ಒತ್ತೆಯಿಟ್ಟ ಮಕ್ಕಳ ಕಥೆ ಹೇಳುವವರು 1791ರ ಆ ಮೇ ತಿಂಗಳನ್ನೂ ಹೇಳಬೇಕು.