ಸೀ ವ್ಯೂ ಜನರೇಟರಿಗೆ ಮಾತ್ರ

ನಮ್ಮ ಚಿಕ್ಕಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಆಗಸ್ಟಿನಲ್ಲಿ ಕಾರವಾರದ ಒಂದು ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಅಲ್ಲಿಂದ ಸಮುದ್ರ ಕೂಗಳತೆ ದೂರ.

ಚಿಕ್ಕಮ್ಮ ಅಂಕೋಲಾದವಳು. ಮಂಪರು ಇಳಿದ ಕೂಡಲೇ ಕೇಳಿದ್ದು, "ಮಗಾ, ಬೋಟ್ ಹೊರಟ್ವಾ ನೋಡು." ಎರಡು ತಿಂಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದಿತ್ತು. ಅವಳಿಗೆ ಹೊಲಿಗೆ ನೋವಿಗಿಂತ ಬಂಗಡೆ ಚಿಂತೆ ಜಾಸ್ತಿ.

ಪರದೆ ಸರಿಸಿದೆ. ಎದುರಿಗೆ ಗೋಡೆ. ಚಿರೇಕಲ್ಲಿನದ್ದು, ಮಳೆಗೆ ಹಾವಸೆ ಹಿಡಿದು ಕಪ್ಪಾಗಿದೆ. ಅದರ ಮೇಲೆ ಎಸಿಯ ಮೂರು ಔಟ್‌ಡೋರ್ ಯೂನಿಟ್ಟು. ಒಂದರ ಪೈಪಿನಿಂದ ಹಳೇ ಪೇಂಟ್ ಡಬ್ಬಕ್ಕೆ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ನಮ್ಮ ಪಾಲಿನ ಅರಬ್ಬಿ ಸಮುದ್ರ ಅಷ್ಟೇ.

ಹಾಗಂತ ವಾರ್ಡಿನಲ್ಲಿ ಸಮುದ್ರವೇ ಇಲ್ಲ ಅಂದರೆ ತಪ್ಪಾಗುತ್ತದೆ. ಮಂಚದ ಎದುರಿಗೇ ನಾಲ್ಕಡಿ ಪೋಸ್ಟರ್ ಇತ್ತು. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನಮರ, ಮೂಲೆಯಲ್ಲಿ ‘ಮಾಲ್ಡೀವ್ಸ್’ ಅಂತ ಅಕ್ಷರ. ಚಿಕ್ಕಮ್ಮ ಬಹಳ ಹೊತ್ತು ನೋಡಿದಳು. "ಅಲ್ಲೂ ಕಾಯಿ ಕೊಯ್ಯೂಕೆ ಜನ ಸಿಗೂದಿಲ್ಲ ಕಾಣ್ತದೆ" ಅಂದಳು.

ಸುಮ್ನೆ ಕಟ್ಟಡಕ್ಕೊಂದು ಸುತ್ತು ಹಾಕಿದೆ. ಪಡುವಣ ಬದಿ ಪೂರ್ತಿ ಹಂಚಿಹೋಗಿದೆ. ಮೊದಲು ಡಾಕ್ಟರುಗಳ ಪಾರ್ಕಿಂಗ್, ಆಮೇಲೆ ಜನರೇಟರ್ ಶೆಡ್ಡು. ಜನರೇಟರಿಗೆ ದೇವಗಡ ದ್ವೀಪದ ದೀಪಸ್ತಂಭದವರೆಗೂ ಕಾಣುತ್ತದೆ, ಪುಣ್ಯವಂತ. ದೊಡ್ಡ ಗಾಜಿನ ಗೋಡೆ ಇರುವುದು ಬಿಲ್ ಕೌಂಟರಿನಲ್ಲಿ. ಅದು ನ್ಯಾಯವೇ. ಬಿಲ್ ನೋಡಿದವರಿಗೆ ಎಲ್ಲಾದರೂ ದೂರಕ್ಕೆ ನೋಡಬೇಕು ಅನಿಸುತ್ತದಲ್ವಾ?

ಇದರಲ್ಲೊಂದು ಲೆಕ್ಕಾಚಾರ ಇದೆಯೋ ಅಂತ ನನ್ನ ಗುಮಾನಿ. ರೋಜರ್ ಉಲ್ರಿಚ್ ಎಂಬ ಸಂಶೋಧಕ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 46 ರೋಗಿಗಳ ದಾಖಲೆ ನೋಡಿ 1984ರಲ್ಲಿ ಬರೆದರು. ಎಲ್ಲರದ್ದೂ ಪಿತ್ತಕೋಶದ ಆಪರೇಶನ್ನೇ, ನಮ್ಮ ಚಿಕ್ಕಮ್ಮನ ಬಳಗ. 23 ಜನರ ಕಿಟಕಿಗೆ ಮರ ಕಾಣುತ್ತಿತ್ತು, 23 ಜನರದ್ದಕ್ಕೆ ಇಟ್ಟಿಗೆ ಗೋಡೆ. ಮರ ನೋಡಿದವರಿಗೆ ನೋವಿನ ಜೋರು ಮದ್ದು ಕಮ್ಮಿ ಸಾಕಾಯಿತು. ಸರಾಸರಿ ಮುಕ್ಕಾಲು ದಿನ ಬೇಗ ಮನೆಗೂ ಹೋದರು. ಅಂದರೆ ಗೋಡೆ ತೋರಿಸಿದರೆ ರೋಗಿಯೊಬ್ಬರಿಗೆ ಮುಕ್ಕಾಲು ದಿನದ ಬೆಡ್ ಚಾರ್ಜು, ಮೇಲಿಂದ ಇಂಜೆಕ್ಷನ್ನು. ಯಾವ ಸಮುದ್ರ ಇಷ್ಟು ದುಡಿದುಕೊಡುತ್ತದೆ ಹೇಳಿ!

ರವೀಂದ್ರನಾಥ ಟಾಗೋರರು 1880ರ ದಶಕದಲ್ಲಿ ಕಾರವಾರಕ್ಕೆ ಬಂದಾಗ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದರು. ಕಡಲು ನೋಡುತ್ತ ನಾಟಕ ಬರೆದರು. ಬೀಚಿಗೆ ಅವರ ಹೆಸರೂ ಬಂತು. ನಮ್ಮ ವಾರ್ಡಿನಲ್ಲಿ ಮಲಗಿದ್ದರೆ ಔಟ್‌ಡೋರ್ ಯೂನಿಟ್ಟಿನ ಮೇಲೆ ಎರಡು ಸಾಲು ಬರೆಯುತ್ತಿದ್ದರೋ ಏನೋ.

ಇದನ್ನೆಲ್ಲ ಪಕ್ಕದ ಮಂಚದ ಅಜ್ಜನ ಹತ್ತಿರ ಹೇಳಿಕೊಂಡೆ. ಅಜ್ಜ ನಕ್ಕರು. "ನಿಮ್ಗೆ ಗೋಡೆಯಾದ್ರೂ ಕಂಡದೆ ಮಾರಾಯ್ರೆ" ಅಂದರು. ಹಿಂದಿನ ವರ್ಷ ಅವರನ್ನು ಮಣಿಪಾಲಕ್ಕೆ ಒಯ್ದಿದ್ದರಂತೆ. ಹೌದಲ್ಲ! ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಟ್ವಿಟರ್ ಅಭಿಯಾನವನ್ನೇ ಮಾಡಿದವರು ನಾವು. ಕೇಸು ಗಂಭೀರವಾದರೆ ನಮಗೆ ಸಿಗುವ ಕಿಟಕಿ ಆಂಬುಲೆನ್ಸಿನದ್ದು. ಹೆದ್ದಾರಿ 66ರಲ್ಲಿ ಮಣಿಪಾಲಕ್ಕೆ ಸುಮಾರು 200 ಕಿ.ಮೀ. ದಾರಿಯಲ್ಲಿ ಮರವಂತೆ ಬರುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಟೂರಿಸ್ಟರು ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವ ಜಾಗ. ಅಜ್ಜನ ಆಂಬುಲೆನ್ಸ್ ಅಲ್ಲೇ ಹಾದುಹೋಯಿತು. ಗಾಜಿಗೆ ಬಿಳಿ ಸ್ಟಿಕ್ಕರ್ ಅಂಟಿಸಿದ್ದರು. ಅವರಿಗೆ ಕಂಡದ್ದು ಸಲೈನ್ ಬಾಟಲಿ.

ಡಿಸ್ಚಾರ್ಜಿನ ದಿನ ಸಲಹಾ ಪೆಟ್ಟಿಗೆಗೆ ಚೀಟಿ ಹಾಕಿದೆ: ‘ರೋಗಿಗಳಿಗೆ ಸಮುದ್ರ ಕಾಣುವ ಹಾಗೆ ಮಾಡಿ.’

ವಾರ ಬಿಟ್ಟು ಹೊಲಿಗೆ ಬಿಚ್ಚಿಸಲು ಹೋದಾಗ ಕುತೂಹಲಕ್ಕೆ ವಾರ್ಡಿಗೆ ಇಣುಕಿದೆವು. ಕೆಲಸ ಆಗಿಬಿಟ್ಟಿತ್ತು! ಕಿಟಕಿಯನ್ನೇ ಪೂರ್ತಿ ಮುಚ್ಚಿ ಅದರ ಮೇಲೆ ಇನ್ನೂ ದೊಡ್ಡ ಮಾಲ್ಡೀವ್ಸ್ ಅಂಟಿಸಿದ್ದರು. ಚಿಕ್ಕಮ್ಮ ಹತ್ತಿರ ಹೋಗಿ ಬೆರಳಲ್ಲಿ ಮುಟ್ಟಿ ನೋಡಿದಳು.

"ಇಲ್ಲೂ ಒಂದೂ ಬೋಟ್ ಇಲ್ಲ, ಮಗಾ."