ಸಿಂಡಿಕೇಟ್ ಕೆನರಾ ಆದಾಗ ಕೂಡಿಸಿದ ಹತ್ತು ಸಾವಿರ

ಬ್ಯಾಂಕ್ ವಿಲೀನ ಅಂದ ಕೂಡಲೇ ನಮ್ಮ ಚರ್ಚೆಯೆಲ್ಲ ಷೇರು ಅನುಪಾತದ ಸುತ್ತಲೇ ಗಿರಕಿ ಹೊಡೆಯುತ್ತದೆ. ಸಾವಿರ ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು, ಸಾವಿರ ವಿಜಯಾ ಷೇರಿಗೆ 402 ಬರೋಡಾ ಷೇರು. ಇದನ್ನೆಲ್ಲ ಮೌಲ್ಯಮಾಪಕರು ಲೆಕ್ಕ ಹಾಕಿ ಕೊಡುತ್ತಾರೆ. ಮೇಲೆ ಕೂತವರು ಬದಲಾವಣೆಯನ್ನು ಅರಗಿಸಿಕೊಂಡಿದ್ದಾರೋ ಇಲ್ಲವೋ ಗೊತ್ತಾಗುವುದು ಕೌಂಟರಿನಲ್ಲಿ.

2020ರ ಏಪ್ರಿಲ್ 1ರಂದು, ಲಾಕ್‌ಡೌನ್ ಶುರುವಾದ ವಾರಕ್ಕೆ, ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿತು. ಆಮೇಲೆ ಐಎಫ್‌ಎಸ್‌ಸಿ, ಅಂದರೆ ಹಣ ಕಳಿಸುವಾಗ ಬ್ಯಾಂಕಿನ ಶಾಖೆಯನ್ನು ಗುರುತಿಸುವ ಕೋಡು, ಬದಲಾಗಬೇಕಿತ್ತು. ಆ ಕೋಡಿನಲ್ಲಿ 11 ಸ್ಥಾನ: ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯವು. ಕೆನರಾದವರು ಮಾಡಿದ್ದು ಇಷ್ಟೇ: ಎಸ್‌ವೈಎನ್‌ಬಿ ತೆಗೆದು ಸಿಎನ್‌ಆರ್‌ಬಿ ಹಾಕಿದರು, ಶಾಖೆಯ ಸಂಖ್ಯೆಗೆ 10000 ಕೂಡಿಸಿದರು. ಹಳೆಯದು 001234 ಆಗಿದ್ದರೆ ಹೊಸದು 011234. ಹಳೆ ಕೋಡಿಗೆ 2021ರ ಜೂನ್ 30ರವರೆಗೆ ಅವಕಾಶ ಇತ್ತು. ಪಟ್ಟಿ ಹುಡುಕದೆ ಗುಮಾಸ್ತರು ಬಾಯಲ್ಲೇ ಲೆಕ್ಕ ಹೇಳಬಹುದಿತ್ತು. ಈ ಥರದ ತೀರ್ಮಾನವನ್ನು ಯಾರೂ ಭಾಷಣದಲ್ಲಿ ಹೊಗಳುವುದಿಲ್ಲ. ನನ್ನ ಪ್ರಕಾರ ನಾಯಕತ್ವ ಅಂದರೆ ಇದೇ.

ಎಡವುವುದು ಸಾಫ್ಟ್‌ವೇರ್ ವಿಷಯದಲ್ಲಿ. ಬರೋಡಾ, ವಿಜಯಾ, ದೇನಾ ಮೂರೂ ಬ್ಯಾಂಕ್‌ಗಳು ಖಾತೆ ಲೆಕ್ಕಕ್ಕೆ ಫಿನಾಕಲ್ ಎಂಬ ಒಂದೇ ಸಾಫ್ಟ್‌ವೇರ್ ಬಳಸುತ್ತಿದ್ದವು, ಹಾಗಾಗಿ ಸಲೀಸು ಅಂತ 2018ರಲ್ಲಿ ಹೇಳಿದ್ದರು. ವಿಜಯಾ, ದೇನಾ ಎರಡೂ ಬರೋಡಾದೊಳಗೆ ವಿಲೀನ ಆದದ್ದು 2019ರ ಏಪ್ರಿಲ್ 1ಕ್ಕೆ, ಕೊನೆಯ ಶಾಖೆಗಳು ಒಂದೇ ವ್ಯವಸ್ಥೆಗೆ ಬಂದದ್ದು 2020ರ ಡಿಸೆಂಬರಿನಲ್ಲಿ. ಹೆಸರು ಒಂದೇ ಇದ್ದರೂ ಒಳಗೆ ಪ್ರತಿ ಬ್ಯಾಂಕಿನ ಯೋಜನೆ ಕೋಡು (ಠೇವಣಿ, ಸಾಲದ ಬಗೆಯನ್ನು ಗುರುತಿಸುವ ಕೋಡು), ಬಡ್ಡಿ ಲೆಕ್ಕ, ಶುಲ್ಕ ಬೇರೆ ಬೇರೆ. ಹೊಂದಿಕೆ ಮಾಡುವಾಗ ಒಂದು ಕೋಡು ತಪ್ಪಿದರೆ ಆ ಯೋಜನೆಯ ಅಷ್ಟೂ ಖಾತೆಗಳಿಗೆ ತಪ್ಪು ಬಡ್ಡಿ. ಮೊದಲು ನಾಲ್ಕಾರು ಶಾಖೆ ವರ್ಗಾಯಿಸಿ, ಖಾತೆಗಳಲ್ಲಿರುವ ಮೊತ್ತ ತಾಳೆ ನೋಡಿ, ಆಮೇಲೆ ಉಳಿದವನ್ನು ಕಂತಿನಲ್ಲಿ ತರುವುದೇ ಕ್ಷೇಮ. ಉದ್ಘಾಟನೆಯ ದಿನಾಂಕ ಮೊದಲೇ ಘೋಷಿಸಿದ ಅಧಿಕಾರಿ ಆ ತಾಳ್ಮೆಯನ್ನು ತಾನೇ ಕಳೆದುಕೊಂಡಿರುತ್ತಾನೆ.

ಇನ್ನು ಜನ. ಸೇವಾ ಹಿರಿತನದ ಪಟ್ಟಿ ಹೇಗೆ ಮಾಡುತ್ತೇವೆ, ಕೆಲಸಕ್ಕೆ ಸೇರಿದ ದಿನವೋ ಈಗಿನ ಸ್ಕೇಲಿಗೆ (ದರ್ಜೆಗೆ) ಬಂದ ದಿನವೋ, ಅದು ಮೊದಲ ಪ್ರಮೋಷನ್ ಸುತ್ತಿಗೆ ಮುಂಚೆಯೇ ಲಿಖಿತವಾಗಿ ಗೊತ್ತಾಗಬೇಕು. ತಡವಾದರೆ 'ನಮ್ಮವರು', 'ಆ ಬ್ಯಾಂಕಿನವರು' ಶುರುವಾಗುತ್ತದೆ. ಸಾಲ ಮಂಜೂರು ಮಾಡುವ ಮಿತಿಯೂ ಹಾಗೆಯೇ. ಹೊಸ ಮಿತಿ ಸ್ಪಷ್ಟವಾಗಿ ಬಾರದಿದ್ದರೆ ಮ್ಯಾನೇಜರ್ ಸಹಿ ಹಾಕುವ ಗೋಜಿಗೇ ಹೋಗದೆ ಫೈಲನ್ನು ಪ್ರಾದೇಶಿಕ ಕಚೇರಿಗೆ ತಳ್ಳುತ್ತಾನೆ. ಅದು ಸೋಮಾರಿತನ ಅಲ್ಲ, ಮುಂದೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವನು ಅವನೇ.

ಕರಾವಳಿಯ ಊರುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಬ್ಯಾಂಕಿನ ಶಾಖೆಗಳು ಅಕ್ಕಪಕ್ಕ, ಎದುರುಬದುರು ಇದ್ದವು. ಒಂದನ್ನು ಮುಚ್ಚಿ ಸೇರಿಸುವಾಗ ಕುರ್ಚಿ ಮೇಜು ಸಾಗಿಸುವುದು ಅರ್ಧ ದಿನದ ಕೆಲಸ. ಚಿನ್ನದ ಸಾಲದ ಪೊಟ್ಟಣಗಳನ್ನು ಇಬ್ಬರು ಕೀಲಿದಾರರ ಎದುರು ಎಣಿಸಿ, ಮುದ್ರೆ ನೋಡಿ, ರಿಜಿಸ್ಟರಿಗೆ ತಾಳೆ ಹಾಕಿ ಸಹಿ ಮಾಡಬೇಕು. ಲಾಕರ್ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಬೇಕು. ದುಬೈಯಲ್ಲಿರುವವರು ಊರಿಗೆ ಬರುವುದು ವರ್ಷಕ್ಕೊಮ್ಮೆ. ಮೂರು ತಿಂಗಳಲ್ಲಿ ಮುಗಿಸಿ ಅಂತ ಬೆಂಗಳೂರಿನಿಂದ ಸರ್ಕ್ಯುಲರ್ ಕಳಿಸುವ ಮುಂಚೆ ಲಾಕರ್ ರಿಜಿಸ್ಟರ್ ತರಿಸಿ ನೋಡುವವರು ಎಷ್ಟು ಜನ?